ಗ್ಲಾಸ್ಗೋ ಬ್ಯಾಂಕಿನ ಪತನವೂ ಲೆಕ್ಕಪರಿಶೋಧನೆಯ ಶಾಸನವೂ

ಶ್ರೋತೃಗಳಲ್ಲಿ ಹಲವರು ಯಾವುದಾದರೊಂದು ಬ್ಯಾಂಕಿನಲ್ಲಿ ಹಣವಿಟ್ಟವರು. ಅದರ ಅಢಾವೆ ಪತ್ರಿಕೆಯನ್ನು ಕಂಡವರು. ಆ ಪತ್ರಿಕೆಯ ಜೊತೆಗೆ ಲೆಕ್ಕಪರಿಶೋಧಕರ ರುಜು ಇರುವುದನ್ನು ನಾವು ಸಹಜವೆಂದೇ ಎಣಿಸುತ್ತೇವೆ. ಅದು ಅಲ್ಲಿಗೆ ಬಂದ ಬಗೆಯನ್ನು ಅರಿಯಬೇಕಾದರೆ ೧೮೭೮ನೆಯ ಇಸವಿಯ ಸ್ಕಾಟ್ಲೆಂಡಿನತ್ತ ನೋಡಬೇಕು.

ಆ ವರ್ಷದ ಜೂನ್ ತಿಂಗಳಲ್ಲಿ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕು ನೂರಕ್ಕೆ ೧೨ರಂತೆ ಲಾಭಾಂಶವನ್ನು ಸಾರಿತು. ಅದಕ್ಕೆ ೧೩೩ ಶಾಖೆಗಳಿದ್ದುವು. ಅಕ್ಟೋಬರ್ ೨ರ ಬೆಳಗ್ಗೆ ಅದು ಬಾಗಿಲು ತೆರೆಯಲಿಲ್ಲ. ತನಿಖೆ ಮಾಡಿದವರಿಗೆ ಅರವತ್ತು ಲಕ್ಷ ಪೌಂಡುಗಳಿಗೂ ಮೇಲ್ಪಟ್ಟ ಕೊರತೆ ಕಂಡುಬಂದಿತು. ಕೆಲವೇ ವ್ಯಾಪಾರಸಂಸ್ಥೆಗಳಿಗೆ ಕೊಟ್ಟ ಸಾಲ ಮುಳುಗಿಹೋಗಿದ್ದರೂ ಪತ್ರಿಕೆಯಲ್ಲಿ ಅದು ವಸೂಲಾಗತಕ್ಕ ಸಾಲವಾಗಿಯೇ ಇದ್ದಿತು. ಇಲ್ಲದ ಚಿನ್ನವನ್ನು ಇದೆಯೆಂದು ಬರೆದಿದ್ದರು. ಷೇರಿನ ಬೆಲೆ ಇಳಿಯದಿರಲೆಂದು ಬ್ಯಾಂಕು ತನ್ನ ಷೇರುಗಳನ್ನು ತಾನೇ ಕೊಂಡುಕೊಳ್ಳುತ್ತಿದ್ದಿತು.

ಈ ಬ್ಯಾಂಕಿನ ಷೇರುದಾರರ ಹೊಣೆಗೆ ಮಿತಿಯೆಂಬುದಿರಲಿಲ್ಲ. ಅವರ ಮನೆಮಾರುಗಳೆಲ್ಲ ಸಾಲಕ್ಕೆ ಆಧಾರವಾಗಿರುವಾಗ ಲೆಕ್ಕವನ್ನು ಕೆದಕುವುದೇತಕ್ಕೆಂದು ಎಲ್ಲರೂ ನೆಮ್ಮದಿಯಿಂದಿದ್ದರೆಂದು ತೋರುತ್ತದೆ. ಈಗ ನೂರು ಪೌಂಡಿನ ಷೇರಿಗೆ ಮೊದಲು ೫೦೦ ಪೌಂಡು, ಬಳಿಕ ೨,೨೫೦ ಪೌಂಡು ಕಟ್ಟಬೇಕೆಂದು ಕರೆ ಬಂದಿತು. ೧,೮೧೯ ಮಂದಿ ಷೇರುದಾರರಲ್ಲಿ ದಿವಾಳಿಯಾಗದೆ ಉಳಿದವರು ೨೫೪ ಮಂದಿ ಮಾತ್ರ. ಬಂಧುಮಿತ್ರರ ಸ್ವತ್ತನ್ನು ನೋಡಿಕೊಳ್ಳಲು ಒಪ್ಪಿ, ಧರ್ಮದರ್ಶಿಗಳಾಗಿ ಷೇರುಗಳನ್ನು ತಮ್ಮ ಹೆಸರಿನಲ್ಲಿಟ್ಟುಕೊಂಡಿದ್ದವರೂ ತಮ್ಮ ಸ್ವಂತ ಗಂಟಿನಿಂದಲೇ ತೆರಬೇಕೆಂದು ೧೮೭೯ರಲ್ಲಿ ಲಾರ್ಡ್ಸ್ ಸಭೆ ತೀರ್ಪಿತ್ತಿತು. ತಮಗಾಗಿ ಒಂದು ಕಾಸಿನ ಲಾಭವನ್ನೂ ಪಡೆಯದವರು ಇವರು! ನ್ಯಾಯಶಾಸ್ತ್ರಕ್ಕೆ ಇದು ಸರಿಯಾಗಿರಬಹುದು. ನಮ್ಮ ಮನಸ್ಸು ಒಪ್ಪದು.

ನಿರ್ದೇಶಕರೂ ವ್ಯವಸ್ಥಾಪಕನೂ ಸೇರಿ ಏಳು ಜನ ಎಡಿನ್‌ಬರೋ ನ್ಯಾಯಾಲಯದಲ್ಲಿ ಅಪರಾಧಿಗಳೆನಿಸಿದರು. ಇಬ್ಬರಿಗೆ ೧೮ ತಿಂಗಳು, ಉಳಿದವರಿಗೆ ೮ ತಿಂಗಳು ಸೆರೆಯಾಯಿತು.

ಲೆಕ್ಕಪರಿಶೋಧನೆ ಆಗ ಹೊಸ ವಿಚಾರವೇನೂ ಆಗಿರಲಿಲ್ಲವೆಂಬುದನ್ನು ನಾವು ಮರೆಯಲಾಗದು. ೧೮೪೪ರ ಕಾಯಿದೆ ಇಂಗ್ಲೆಂಡಿನ ಕೂಡುಬಂಡವಾಳದ ಕಂಪೆನಿಗಳಿಗೆ ಅದನ್ನು ವಿಧಿಸಿದ್ದಿತು. ಕಂಪೆನಿಯ ಒಳವ್ಯವಹಾರ ಪಾಲುದಾರರಿಗೆ ಸೇರಿದ್ದು, ಸರ್ಕಾರಕ್ಕಲ್ಲ ಎಂಬ ಭಾವನೆ ಬಲಿತು, ೧೮೫೬ರಲ್ಲಿ ಪಾರ್ಲಿಮೆಂಟು ತಾನೇ ಆ ಕಟ್ಟನ್ನು ಸಡಿಲಿಸಿ ಪರಿಶೋಧನೆಯನ್ನು ಕಂಪೆನಿಗಳ ಇಷ್ಟಕ್ಕೆ ಬಿಟ್ಟಿತು. ಇದ್ದ ಬೇಲಿಯನ್ನು ಕಿತ್ತು, ಬೆಳೆ ಮೇಯ್ದುಹೋದ ಮೇಲೆ ಮತ್ತೆ ನೆಟ್ಟಂತಾಯಿತು ೧೮೭೯ರ ಕಾಯಿದೆ. ಅದರಂತೆ, ಮುಂದೆ ಮಿತಹೊಣೆಯ ಸಂಸ್ಥೆಯಾಗಿ ನೋಂದಣಿಯಾಗುವ ಪ್ರತಿಯೊಂದು ಬ್ಯಾಂಕಿನ ಲೆಕ್ಕವೂ ವರ್ಷಕ್ಕೊಮ್ಮೆಯಾದರೂ ಪರಿಶೋಧನೆಗೆ ಒಳಗಾಗಬೇಕು. ಪರಿಶೋಧಕನನ್ನು ಷೇರುದಾರರ ಸಭೆಯೇ ಆರಿಸಬೇಕು. ಆತನು ಬ್ಯಾಂಕಿನ ನಿರ್ದೇಶಕನೂ ಅಧಿಕಾರಿಯೂ ಆಗಿರಕೂಡದು. ಅಢಾವೆ ಪತ್ರಿಕೆ ನಿಜಸ್ಥಿತಿಯನ್ನು ತೋರುವುದೋ ಇಲ್ಲವೋ ಎಂಬುದನ್ನು ಷೇರುದಾರರಿಗೆ ತಿಳಿಸಿ ರುಜು ಹಾಕಬೇಕು. ಹೊಣೆಗೆ ಮಿತಿಯಿಲ್ಲದ ಬ್ಯಾಂಕುಗಳು ಮಿತಿಯನ್ನು ಪಡೆಯಲು ಅದೇ ಕಾಯಿದೆ ದಾರಿಮಾಡಿತು. ಹೊಣೆ ತಗ್ಗಬೇಕಾದರೆ ಲೆಕ್ಕ ಬಯಲಿಗೆ ಬರಬೇಕು. ಈ ಒಪ್ಪಂದವೇ ಕಾಯಿದೆಯ ತಿರುಳೆಂದು ನಮಗೆ ತೋರುತ್ತದೆ.

ಬ್ಯಾಂಕುಗಳಲ್ಲದ ಕಂಪೆನಿಗಳ ಮಾತು ಬೇರೆ. ಅವುಗಳಲ್ಲಿ ಹಣ ಹಾಕಿದವರು ಬ್ರಿಟನ್ನಿನಲ್ಲಿ ಇಂತಹುದೇ ಕಟ್ಟಳೆಗಾಗಿ ೧೯೦೦ರವರೆಗೂ, ಬ್ರಿಟಿಷ್ ಇಂಡಿಯಾದಲ್ಲಿ ೧೯೧೩ರವರೆಗೂ ಕಾಯಬೇಕಾಯಿತು.