ಮನೆ ಕೊಡ್ತೀವಿ, ಮೊದಲು ಜಾಗದ ಪತ್ರ ತೋರಿಸಿ

ಸ್ವಲ್ಪ ಉದ್ದದ ಪೋಸ್ಟ್, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ಭಾನುವಾರ ನಮ್ಮ ಕೇರಿಯ ಒಬ್ಬ ಅತ್ತೆ ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಮನೆಗೆ ಬಂದ್ರು. "ನೀನು ಆಫೀಸಲ್ಲಿ ಕೆಲಸ ಮಾಡೋನು, ಇದ್ರಲ್ಲಿ ಏನು ಕಮ್ಮಿ ಐತೆ ನೋಡಪ್ಪ" ಅಂದ್ರು. ಆಧಾರ್ ಇತ್ತು, ರೇಷನ್ ಕಾರ್ಡ್ ಇತ್ತು, ಜಾತಿ-ಆದಾಯ ಪತ್ರ ಇತ್ತು, ಪಾಸ್‌ಬುಕ್ ಇತ್ತು. ಶೀಟಿನ ಮನೆ ಮುಂದೆ ನಿಂತು ತೆಗೆಸಿದ ಫೋಟೋನೂ ಇತ್ತು. ಇಲ್ಲದೇ ಇದ್ದದ್ದು ಒಂದೇ, ಇ-ಸ್ವತ್ತು ನಮೂನೆ 9. ಅವರು ನಲವತ್ತು ವರ್ಷದಿಂದ ವಾಸ ಇರೋ ಜಾಗ ಅವರ ಹೆಸರಲ್ಲಿ ಇಲ್ಲ.

ಯಾಕಿಲ್ಲ? ಖಾತೆ ಅವರ ಮಾವನ ಹೆಸರಲ್ಲಿದೆ. ಪೌತಿ ಖಾತೆ ಮಾಡಿಸ್ಬೇಕು ಅಂದ್ರೆ ವಂಶವೃಕ್ಷ ಬೇಕು. ವಂಶವೃಕ್ಷಕ್ಕೆ ಮಾವನ ಮರಣ ಪ್ರಮಾಣಪತ್ರ ಬೇಕು. ಮಾವ ತೀರ್ಕೊಂಡಿದ್ದು ಎಂಬತ್ತರ ದಶಕದಲ್ಲಿ, ಮಣ್ಣು ಮಾಡಿದ್ದು ಊರಿಗೆಲ್ಲ ಗೊತ್ತು, ರಿಜಿಸ್ಟರ್‌ಗೆ ಮಾತ್ರ ಗೊತ್ತಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ದಾಟಿದ ಸಾವನ್ನು ದಾಖಲು ಮಾಡೋಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅಂದ್ರೆ ಮನೆ ಕೇಳೋಕೆ ಹೋದ ವಿಧವೆ, ಮಾವ ಸತ್ತಿದ್ದು ನಿಜ ಅಂತ ಮ್ಯಾಜಿಸ್ಟ್ರೇಟರ ಮುಂದೆ ಸಾಬೀತು ಮಾಡ್ಬೇಕು.

ನಾನೂ ಗುಮಾಸ್ತನೇ. "ದಾಖಲೆ ಲಗತ್ತಿಸಿರುವುದಿಲ್ಲ, ಕಡತ ಹಿಂದಿರುಗಿಸಿದೆ" ಅಂತ ಎಷ್ಟು ಸಾರಿ ಬರೆದಿದ್ದೀನೋ ಲೆಕ್ಕ ಇಟ್ಟಿಲ್ಲ. ಆ ಒಂದು ಸಾಲಿನ ಹಿಂದೆ ಎಷ್ಟು ವರ್ಷದ ಚರಿತ್ರೆ ಇದೆ ಅನ್ನೋದು ಅತ್ತೆಯ ಕವರ್ ನೋಡಿದ ರಾತ್ರಿ ಯೋಚನೆಗೆ ಬಂತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಬಾಬಾಸಾಹೇಬರನ್ನ ನೆನೆಯೋಣ. 1917ರಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಇರೋಕೆ ಜಾಗ ಸಿಗಲಿಲ್ಲ. ಕೊನೆಗೆ ಪಾರ್ಸಿಗಳ ವಸತಿಗೃಹದ ರಿಜಿಸ್ಟರ್‌ನಲ್ಲಿ ಪಾರ್ಸಿ ಹೆಸರು ಬರೆಸಿ ಒಳಗೆ ಹೋದ್ರು. ಹನ್ನೊಂದನೇ ದಿನ ಕೋಲು ಹಿಡಿದವರು ಬಂದು ಹೊರಗೆ ಹಾಕಿದ್ರು. ರಿಜಿಸ್ಟರ್‌ನಲ್ಲಿ ಯಾರ ಹೆಸರು ಇರಬಹುದು, ಯಾರದ್ದು ಇರಬಾರದು ಅನ್ನೋ ಪ್ರಶ್ನೆ ನಮಗೆ ಕಂಪ್ಯೂಟರ್ ಜೊತೆ ಬಂದಿದ್ದಲ್ಲ.

ಈಗ ನಮ್ಮ ರಾಜ್ಯಕ್ಕೆ ಬರೋಣ. ದೇವರಾಜ ಅರಸರ ಕಾಲದಲ್ಲಿ 1974ರ ಭೂಸುಧಾರಣೆ ಬಂತು, ಉಳುವವನೇ ಭೂಮಿಯ ಒಡೆಯ ಅಂದ್ರು. ಗೇಣಿದಾರರು ನಮೂನೆ 7 ಸಲ್ಲಿಸಿದ್ರು, ಅದಕ್ಕೆ ಕೊನೆಯ ದಿನ 1979ರ ಜೂನ್ 30. ಲಕ್ಷಾಂತರ ಕುಟುಂಬಗಳಿಗೆ ಭೂಮಿ ಸಿಕ್ಕಿತು, ಅದನ್ನ ಅಲ್ಲಗಳೆಯೋದು ಬೇಡ. ಆದ್ರೆ ನಮ್ಮವರಲ್ಲಿ ಬಹಳ ಜನ ಗೇಣಿದಾರರಲ್ಲ, ಕೂಲಿಗಳು, ಜೀತದಾಳುಗಳು. ಜೀತಗಾರನ ಹೆಸರು ಯಾವ ಪಹಣಿಯಲ್ಲಿ ಬರುತ್ತೆ? ಅದೇ ಕಾಯ್ದೆಯ 38ನೇ ಕಲಂ, ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕ್ಕೊಂಡ ಕೃಷಿ ಕಾರ್ಮಿಕನಿಗೆ ಆ ವಾಸದ ಜಾಗದ ಹಕ್ಕು ಕೊಡ್ತು. ಅದಕ್ಕೂ ಅರ್ಜಿ ಹಾಕ್ಬೇಕಿತ್ತು, ಅದೂ ದಿನಾ ಕೂಲಿ ಕೊಡೋ ಯಜಮಾನನ ಎದುರೇ. ಎಷ್ಟು ಜನ ಹಾಕಿರ್ತಾರೆ, ನೀವೇ ಹೇಳಿ.

1975ರ ಇಪ್ಪತ್ತು ಅಂಶದ ಕಾರ್ಯಕ್ರಮದಲ್ಲಿ ಭೂರಹಿತರಿಗೆ ನಿವೇಶನ ಅಂತ ಇತ್ತು. ಆ ಕಾಲದಲ್ಲೇ ಊರೂರಿಗೆ ಜನತಾ ಮನೆ ಬಂದವು. ನಮ್ಮ ತಾತನಿಗೂ ಒಂದು ಹಕ್ಕುಪತ್ರ ಕೊಟ್ರು. ಅದು ಈಗಲೂ ನಮ್ಮಮ್ಮನ ಟ್ರಂಕಿನಲ್ಲಿದೆ. ಹೆಸರು ಇದೆ, ಸೀಲು ಇದೆ, ಚಕ್ಕುಬಂದಿ ಇರೋ ಜಾಗದಲ್ಲಿ ಮಡಿಕೆ ಹರಿದು ತೂತು ಬಿದ್ದಿದೆ.

1985ರಲ್ಲಿ ಇಂದಿರಾ ಆವಾಸ್ ಶುರುವಾದಾಗ ಅದು ಪರಿಶಿಷ್ಟ ಜಾತಿ, ಪಂಗಡ ಮತ್ತು ಬಿಡುಗಡೆಯಾದ ಜೀತದಾಳುಗಳಿಗೆ ಅಂತಲೇ ಇತ್ತು. 1991-92ರಲ್ಲಿ ರಾಜ್ಯದ ಆಶ್ರಯ ಯೋಜನೆ ಬಂತು. 1993ರ ಪಂಚಾಯತ್ ರಾಜ್ ಕಾಯ್ದೆ ಆದ ಮೇಲೆ ಫಲಾನುಭವಿ ಆಯ್ಕೆ ಗ್ರಾಮಸಭೆಗೆ ಬಂತು. 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ ಆಯ್ತು. ಒಂದೊಂದು ಹೆಜ್ಜೆಯೂ ಒಳ್ಳೇದಕ್ಕೇ ಇಟ್ಟಿದ್ದು. ಒಂದೇ ಮನೆಗೆ ಎರಡು ಬಿಲ್, ಸತ್ತವರ ಹೆಸರಲ್ಲಿ ಬಿಲ್, ಗೋಡೆನೇ ಇಲ್ಲದ ಮನೆಗೆ ಬಿಲ್, ಇದನ್ನೆಲ್ಲ ತಡೀಬೇಕಿತ್ತು. ಅದಕ್ಕೇ ಫೋಟೋ ಬಂತು, ಜಿಪಿಎಸ್ ಬಂತು, ಆಧಾರ್ ಬಂತು. ಕಳ್ಳನನ್ನ ಹಿಡಿಯೋಕೆ ಹಾಕಿದ ಬೇಲಿ ಅದು. ಕಳ್ಳ ಹೊಸ ದಾರಿ ಹುಡುಕ್ಕೊಂಡ, ಬೇಲಿ ಹೊರಗೆ ಉಳಿದವರು ನಮ್ಮತ್ತೆ ತರದವರು.

2013ರಲ್ಲಿ ಬಂದ ಇ-ಸ್ವತ್ತಿನ ಕಥೆಯೂ ಹಂಗೇ. ಪಂಚಾಯತಿ ಆಸ್ತಿ ಎಲ್ಲ ಕಂಪ್ಯೂಟರ್‌ನಲ್ಲಿ ಇರಬೇಕು ಅನ್ನೋದು ಸರಿಯಾದ ಮಾತೇ. ಆದ್ರೆ ನಮೂನೆ 9 ಬೇಕು ಅಂದ್ರೆ ಜಾಗ ಗ್ರಾಮಠಾಣಾ ಒಳಗೆ ಇರಬೇಕು, ಇಲ್ಲ ಸರ್ಕಾರ ಹಂಚಿದ ನಿವೇಶನ ಆಗಿರಬೇಕು, ಇಲ್ಲ ಅನುಮೋದನೆ ಆದ ಬಡಾವಣೆ ಆಗಿರಬೇಕು. ನಮ್ಮ ಕೇರಿಗಳು ಎಲ್ಲಿವೆ ಸ್ವಾಮಿ? ಊರಾಚೆ ಇಟ್ಟವರು ಯಾರು? ಊರಿಂದ ಹೊರಗಿಟ್ಟವರಿಗೆ ಈಗ "ನೀವು ಗ್ರಾಮಠಾಣಾ ಹೊರಗಿದ್ದೀರಿ" ಅಂತ ಹಿಂಬರಹ ಕೊಡ್ತಾರೆ. ಇದನ್ನ ಸರಿ ಮಾಡೋಕೆ ಅಂತಲೇ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಬಂತು. ಖಾಸಗಿ ಜಮೀನಿನ ಮೇಲಿರೋ ತಾಂಡಾ, ಹಟ್ಟಿ, ಕಾಲೋನಿಗಳಿಗೆ ಭೂಸುಧಾರಣಾ ಕಾಯ್ದೆಯಲ್ಲಿ 38ಎ ಬಂತು. ವಾಸಿಸುವವನೇ ಮನೆಯ ಒಡೆಯ ಅಂದ್ರು. 1974ರಲ್ಲಿ ಹೇಳಿದ್ದನ್ನೇ ನಲವತ್ತು ವರ್ಷ ಆದ ಮೇಲೆ ಮತ್ತೆ ಹೇಳ್ಬೇಕಾಯ್ತು. ಮೊದಲನೇ ಸಾರಿ ಅರ್ಜಿ ಹಾಕೋ ಧೈರ್ಯ ಇಲ್ಲದವರ ಮೊಮ್ಮಕ್ಕಳು ಈಗ ಅದೇ ಜಾಗಕ್ಕೆ ದಾಖಲೆ ಹುಡುಕ್ತಿದ್ದಾರೆ.

ಷರತ್ತುಗಳನ್ನೂ ನೋಡಿ. 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯಲ್ಲಿ ತಾನಾಗೇ ಪಟ್ಟಿಗೆ ಸೇರೋ ಐದು ವರ್ಗ ಇದ್ದವು. ಅದರಲ್ಲಿ ಒಂದು "ಕಾನೂನು ಪ್ರಕಾರ ಬಿಡುಗಡೆಯಾದ ಜೀತದಾಳು". ಜೀತ ಬಿಟ್ಟು ಓಡಿಬಂದವನು ಲೆಕ್ಕಕ್ಕಿಲ್ಲ, ಅವನ ಕೈಲಿ ಬಿಡುಗಡೆ ಪತ್ರ ಇರಬೇಕು. 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂದಾಗ ಮನೇಲಿ ಬೈಕ್ ಇದ್ರೆ, ಫ್ರಿಜ್ ಇದ್ರೆ ಹೆಸರು ತೆಗೀತಿದ್ರು. ಆ ಷರತ್ತು ಸಡಿಲ ಆಗಿದ್ದು 2024ರಲ್ಲಿ. ನಮ್ಮ ರಾಜ್ಯದ ಯೋಜನೆಗಳಲ್ಲಿ ಹಳ್ಳಿಯವರ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು ಅಂತ ಬಹಳ ಕಾಲ ಇತ್ತು. ದಿನಕ್ಕೆ 88 ರೂಪಾಯಿ ಆಗುತ್ತೆ. 2020-21ರಲ್ಲಿ ನರೇಗಾ ಕೂಲಿಯೇ 275 ಇತ್ತು, ನೂರು ದಿನ ದುಡಿದ್ರೆ 27,500. ಉಳಿದ 265 ದಿನದಲ್ಲಿ 4,500ಕ್ಕಿಂತ ಒಂದು ರೂಪಾಯಿ ಜಾಸ್ತಿ ದುಡಿದ್ರೂ ಮನೆ ಇಲ್ಲ. ಬಡವನ ಬಾಯಲ್ಲಿ ಸುಳ್ಳು ಹೇಳಿಸಿದ್ದು ಯಾರು?

ಇಷ್ಟೆಲ್ಲ ದಾಟಿ ಆಯ್ಕೆ ಆದವರಿಗೂ ದುಡ್ಡು ಮೊದಲೇ ಬರೋದಿಲ್ಲ. ಅಂಬೇಡ್ಕರ್ ವಸತಿ ಯೋಜನೆಯಲ್ಲಿ ಹಳ್ಳಿಯ ನಮ್ಮವರಿಗೆ 1.75 ಲಕ್ಷ ಅಂತಾರೆ. ತಳಪಾಯ ಹಾಕಿ ಫೋಟೋ, ಆಮೇಲೆ ಕಂತು. ಗೋಡೆ ಎಬ್ಬಿಸಿ ಫೋಟೋ, ಆಮೇಲೆ ಕಂತು. ತಳಪಾಯದ ದುಡ್ಡು ಬಡ್ಡಿಗೆ ತಂದಿದ್ದು.

ನಮ್ಮ ಮಾಕಳಿದುರ್ಗದ ಕೋಟೆ ಬೆಟ್ಟ ಹತ್ತೋಕೂ ಈಗ ಆನ್‌ಲೈನ್ ಬುಕಿಂಗ್. ಬೆಂಗಳೂರಿನ ಹುಡುಗರು ಫೋನಲ್ಲಿ ಎರಡು ನಿಮಿಷದಲ್ಲಿ ಮಾಡ್ಕೊಂಡು ಬರ್ತಾರೆ. ಬೆಟ್ಟದ ಬುಡದಲ್ಲೇ ಹುಟ್ಟಿದ ಅತ್ತೆಗೆ ಬುಡದ ಮೂವತ್ತು-ನಲವತ್ತು ಅಡಿ ಜಾಗ ತಮ್ಮದು ಅಂತ ತೋರಿಸೋಕೆ ಒಂದು ಜೀವಮಾನ ಸಾಲ್ತಿಲ್ಲ.

ನಾನು ಕೇಳೋದು ದಾಖಲೆನೇ ಬೇಡ ಅಂತ ಅಲ್ಲ. ದಾಖಲೆ ಇಲ್ಲದೇ ಇದ್ರೆ ನಮ್ಮ ಜಾಗ ನಾಳೆ ಯಾವನೋ ಲೇಔಟ್‌ನವನ ಪಾಲು. ನಾನು ಕೇಳೋದು ಇಷ್ಟೇ: ಜನತಾ ಮನೆ ಕೊಟ್ಟಿದ್ದು ಸರ್ಕಾರ, ಹಕ್ಕುಪತ್ರಕ್ಕೆ ಸೀಲು ಹಾಕಿದ್ದು ಸರ್ಕಾರ, ಹಂಚಿಕೆ ಪಟ್ಟಿ ಇಟ್ಕೋಬೇಕಾದ್ದೂ ಸರ್ಕಾರ. ತನ್ನ ಕಪಾಟಿನಲ್ಲಿ ಇರಬೇಕಾದ ಪತ್ರವನ್ನ ಅದು ವಿಧವೆಯ ಟ್ರಂಕಿನಲ್ಲಿ ಯಾಕೆ ಹುಡುಕುತ್ತೆ? ಕಚೇರಿಯೇ ಹುಡುಕಲಿ. ಸಿಗದಿದ್ರೆ ಸ್ಥಳ ಮಹಜರು ಮಾಡಲಿ, ಅಕ್ಕಪಕ್ಕದವರ ಹೇಳಿಕೆ ತಗೊಳ್ಳಲಿ.

ಅಲ್ಲೀವರೆಗೆ ನಾವು ಮಾಡಬೇಕಾದ್ದು. ಗ್ರಾಮಸಭೆಗೆ ಹೋಗಿ ವಸತಿ ರಹಿತರ ಪಟ್ಟಿ, ನಿವೇಶನ ರಹಿತರ ಪಟ್ಟಿ ಎರಡನ್ನೂ ಬೇರೆ ಬೇರೆ ಓದಿಸಿ. ಜಾಗ ಇಲ್ಲದವರನ್ನ ಮೊದಲನೇ ಪಟ್ಟಿಗೆ ಹಾಕಿದ್ರೆ ಮನೆ ಮಂಜೂರಾಗಿಯೂ ರದ್ದಾಗುತ್ತೆ. ಅರ್ಜಿ ಕೊಟ್ರೆ ಸ್ವೀಕೃತಿ ಇಲ್ಲದೆ ಬರಬೇಡಿ. ಹಳೇ ಹಂಚಿಕೆ ಪಟ್ಟಿಯ ನಕಲನ್ನ ಮಾಹಿತಿ ಹಕ್ಕಿನಲ್ಲಿ ಕೇಳಿ. ಮನೇಲಿ ಸಾವಾದ್ರೆ 21 ದಿನದೊಳಗೆ ಬರೆಸಿ, ತಿಥಿಗೆ ಓಡಾಡೋ ಹಂಗೇ ಅದಕ್ಕೂ ಓಡಾಡಿ.

ಅತ್ತೆಯ ಅರ್ಜಿಯನ್ನ ನಾನೇ ಬರೆದೆ. ನಾಳೆ ರಜೆ ಹಾಕಿ ಅವರ ಜೊತೆ ಹೋಗ್ತಿದ್ದೀನಿ. ಆ ಟೇಬಲ್ ಹಿಂದೆ ನನ್ನ ತರದವನೇ ಒಬ್ಬ ಕೂತಿರ್ತಾನೆ. ಅವನು ಆ ಒಂದು ಸಾಲು ಬರೆಯೋಕೆ ಮುಂಚೆ ಅತ್ತೆಯ ಮುಖ ಒಂದು ಸಾರಿ ನೋಡ್ಲಿ ಅಂತ ಆಸೆ.

ಜೈಭೀಮ್.