ಮೊದಲ ಪಂದ್ಯದ ಮಾತು, ಮರೆತ ಕಪ್ಪಿನ ಕಥೆ
(ಬೆಂಗಳೂರಿನ ಕಾಲ್ಚೆಂಡಾಟದ ಇತಿಹಾಸದಿಂದ ಕೆಲವು ಪುಟಗಳು)



ಫುಟ್‌ಬಾಲ್ ಲೀಗ್ ಆರಂಭವಾಗಿ, ಮೊದಲ ಕೆಲವು ವಾರಗಳಲ್ಲೇ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಮುಖಾಮುಖಿಯಾದರೆ ಮರುದಿನ ನಮ್ಮ ಗಿರಿನಗರದ ಹುಡುಗರಿಗೆ ಬೇರೆ ಮಾತೇ ಇರುವುದಿಲ್ಲ. ಚಹಾದ ಅಂಗಡಿಯ ಮುಂದೆ, ಬಸ್ ನಿಲ್ದಾಣದಲ್ಲಿ, ಶಾಲೆಯ ಬಿಡುವಿನ ವೇಳೆಯಲ್ಲಿ ಒಂದೇ ಚರ್ಚೆ. "ಡಿಫೆನ್ಸ್ ಹೀಗೇ ಇದ್ದರೆ ಈ ವರ್ಷ ಮುಗಿದ ಹಾಗೆ" ಎನ್ನುತ್ತಾನೆ ಒಬ್ಬ. "ಕೋಚನ್ನೇ ಬದಲಾಯಿಸಬೇಕು" ಎನ್ನುತ್ತಾನೆ ಇನ್ನೊಬ್ಬ. "ಒಂದು ಮ್ಯಾಚಿಗೆ ಇಷ್ಟು ಯಾಕೆ ಮಗಾ, ಇನ್ನೂ ಎಷ್ಟೋ ಇದೆ" ಎಂದು ಮೂರನೆಯವನು ಸಮಾಧಾನ ಹೇಳುತ್ತಾನೆ. ಗೆದ್ದಿದ್ದರಂತೂ ಕಪ್ಪು ಆಗಲೇ ಕೈಗೆ ಬಂದಂತೆ!

ಈ ಚರ್ಚೆ ಕೆಟ್ಟದ್ದೇನೂ ಅಲ್ಲ. ತನ್ನ ಊರಿನ ತಂಡದ ಬಗ್ಗೆ ಮಾತನಾಡುವವನು ತನ್ನ ಊರಿನ ಬಗ್ಗೆಯೇ ಮಾತನಾಡುತ್ತಿರುತ್ತಾನೆ. ಆದರೆ ಈ ಮಾತಿನಲ್ಲಿ ಒಂದು ಕೊರತೆ ಕಾಣುತ್ತದೆ. ನಮ್ಮ ವಿದ್ಯಾರ್ಥಿಗಳಿಗೆ ಬೆಂಗಳೂರಿನ ಫುಟ್‌ಬಾಲ್ ಎಂದರೆ 2013ರಿಂದೀಚೆಗಿನ ಕಥೆ. ಅದಕ್ಕೂ ಮುಂಚಿನ ಪುಟಗಳು ಅವರ ಕಣ್ಣಿಗೆ ಬಿದ್ದಿಲ್ಲ. ಆ ಪುಟಗಳನ್ನು ಓದಿಕೊಂಡರೆ ಒಂದು ತಂಡದ ಭವಿಷ್ಯವನ್ನು ಯಾವುದರಿಂದ ಅಳೆಯಬೇಕು ಎಂಬುದು ತಿಳಿಯುತ್ತದೆ. ಅದಕ್ಕಾಗಿಯೇ ಈ ಲೇಖನ.

ಮೊದಲ ಪಂದ್ಯ ಹೇಳುವುದೆಷ್ಟು?

ಮೊದಲು ಹೊಸ ಪುಟಗಳನ್ನೇ ನೋಡೋಣ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಐ-ಲೀಗ್‌ನಲ್ಲಿ ಅದರ ಮೊತ್ತಮೊದಲ ಪಂದ್ಯ 2013ರ ಸೆಪ್ಟೆಂಬರ್ 22ರಂದು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಶತಮಾನ ದಾಟಿದ ಮೋಹನ್ ಬಾಗಾನ್ ವಿರುದ್ಧ ನಡೆಯಿತು. ಫಲಿತಾಂಶ 1–1, ಅಂದರೆ ಗೆಲುವೂ ಇಲ್ಲ, ಸೋಲೂ ಇಲ್ಲ. ಆದರೆ 2014ರ ಏಪ್ರಿಲ್ ಹೊತ್ತಿಗೆ ಈ ಹಸುಗೂಸಿನಂಥ ತಂಡವೇ ಇಡೀ ದೇಶದ ಚಾಂಪಿಯನ್ ಆಗಿತ್ತು.

2022–23ರ ಐಎಸ್‌ಎಲ್‌ನ ಮೊದಲರ್ಧದಲ್ಲಿ ಇದೇ ತಂಡಕ್ಕೆ ಸೋಲಿನ ಮೇಲೆ ಸೋಲು. 2022ರ ಡಿಸೆಂಬರ್‌ನಲ್ಲಿ ಕೊಚ್ಚಿಯಲ್ಲಿ ಕೇರಳದ ಎದುರು 2–3ರಿಂದ ಸೋತಾಗ ಎಷ್ಟೋ ಅಭಿಮಾನಿಗಳು ಕೈಚೆಲ್ಲಿದ್ದರು. ಹೊಸ ವರ್ಷ ಬಂದಿತು, ತಂಡ ಸತತವಾಗಿ 8 ಲೀಗ್ ಪಂದ್ಯಗಳನ್ನು ಗೆದ್ದು ಫೈನಲ್‌ವರೆಗೂ ನಡೆಯಿತು. ಅಲ್ಲಿ ಪೆನಾಲ್ಟಿಯಲ್ಲಿ ಸೋತದ್ದು ಬೇರೆ ಮಾತು.

ಹಾಗೆಂದು ಮೊದಲ ಪಂದ್ಯಕ್ಕೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. 2023ರ ಸೆಪ್ಟೆಂಬರ್ 21ರಂದು ಐಎಸ್‌ಎಲ್‌ನ ಉದ್ಘಾಟನಾ ಪಂದ್ಯದಲ್ಲೇ ಬೆಂಗಳೂರು ಕೊಚ್ಚಿಯಲ್ಲಿ 1–2ರಿಂದ ಸೋತಿತು. ಆ ವರ್ಷ 12 ತಂಡಗಳಲ್ಲಿ ನಮ್ಮದು 10ನೇ ಸ್ಥಾನ. ಮರುವರ್ಷ 2024ರ ಸೆಪ್ಟೆಂಬರ್‌ನಲ್ಲಿ ವಿನೀತ್ ವೆಂಕಟೇಶ್ ಎಂಬ ಹತ್ತೊಂಬತ್ತರ ಹರೆಯದ ಹುಡುಗ ಹೊಡೆದ ಒಂದೇ ಗೋಲಿನಿಂದ ಈಸ್ಟ್ ಬೆಂಗಾಲ್ ಅನ್ನು ಸೋಲಿಸಿ ಆರಂಭಿಸಿದ ತಂಡ, ಅಕ್ಟೋಬರ್‌ನಲ್ಲಿ ಕೊಚ್ಚಿಯಲ್ಲೇ ಕೇರಳವನ್ನು 3–1ರಿಂದ ಮಣಿಸಿ, ಮತ್ತೆ ಫೈನಲ್ ಮುಟ್ಟಿತು.

ದೂರದ ಉದಾಹರಣೆಯೂ ನಿಮಗೆ ನೆನಪಿರಬೇಕು. 2022ರ ನವೆಂಬರ್ 22ರಂದು ಕತಾರ್ ವಿಶ್ವಕಪ್‌ನಲ್ಲಿ ತನ್ನ ಮೊದಲ ಪಂದ್ಯವನ್ನು ಅರ್ಜೆಂಟೀನಾ ಸೌದಿ ಅರೇಬಿಯಾಕ್ಕೆ 1–2ರಿಂದ ಸೋತಿತು. ಡಿಸೆಂಬರ್ 18ರಂದು ವಿಶ್ವಕಪ್ ಎತ್ತಿದ್ದು ಅದೇ ಅರ್ಜೆಂಟೀನಾ. ಗೆದ್ದ ಸೌದಿ ತಂಡ ಗುಂಪಿನ ಹಂತವನ್ನೇ ದಾಟಲಿಲ್ಲ.

ಆದ್ದರಿಂದ ಒಂದು ಪಂದ್ಯದ ಫಲಿತಾಂಶ ಒಮ್ಮೆ ನಿಜ ಹೇಳುತ್ತದೆ, ಒಮ್ಮೆ ಸುಳ್ಳು ಹೇಳುತ್ತದೆ. ಅದನ್ನೇ ನಂಬಿ ಭವಿಷ್ಯ ನುಡಿಯುವುದು ಒಂದು ಮೋಡ ನೋಡಿ ಮಳೆಗಾಲವನ್ನು ಲೆಕ್ಕ ಹಾಕಿದಂತೆ. ಹಾಗಾದರೆ ಬೇರೆ ಯಾವುದನ್ನು ನೋಡಬೇಕು? ಇದಕ್ಕೆ ಉತ್ತರ ಸಿಗಬೇಕಾದರೆ ನಾವು ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

1937ರ ಮುಂಬಯಿ

ಅಂದಿನ ಬೊಂಬಾಯಿಯಲ್ಲಿ 1891ರಿಂದ ರೋವರ್ಸ್ ಕಪ್ ಎಂಬ ಪಂದ್ಯಾವಳಿ ನಡೆಯುತ್ತಿತ್ತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಆ ಕಪ್ಪು ಬ್ರಿಟಿಷರ ಕೈಯಿಂದ ಹೊರಗೆ ಬರಲಿಲ್ಲ. 1911ರಲ್ಲಿ ಐಎಫ್‌ಎ ಶೀಲ್ಡ್ ಗೆದ್ದು ಇತಿಹಾಸ ಬರೆದ ಮೋಹನ್ ಬಾಗಾನ್ ಕೂಡ 1923ರಲ್ಲಿ ರೋವರ್ಸ್ ಫೈನಲ್ ತಲುಪಿ ಸೋತು ಹಿಂದಿರುಗಿತ್ತು.

1937ರಲ್ಲಿ ಫೈನಲ್ ಮುಟ್ಟಿದ ಎರಡೂ ತಂಡಗಳು ಭಾರತೀಯರದ್ದೇ. ಒಂದು ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಅದರ ಹೆಸರು ಆಗ ದೇಶದ ಮನೆಮನೆಯಲ್ಲಿತ್ತು. 1934ರಲ್ಲಿ ಕಲ್ಕತ್ತಾ ಲೀಗ್ ಗೆದ್ದ ಪ್ರಥಮ ಭಾರತೀಯ ತಂಡ ಅದು. 1938ರವರೆಗೆ ಸತತ ಐದು ವರ್ಷ ಆ ಲೀಗನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. 1936ರಲ್ಲಿ ಐಎಫ್‌ಎ ಶೀಲ್ಡನ್ನೂ ಗೆದ್ದಿತ್ತು. ಇನ್ನೊಂದು ತಂಡ ನಮ್ಮ ಊರಿನದು, ಹೆಸರು ಬೆಂಗಳೂರು ಮುಸ್ಲಿಮ್ಸ್.

ಫಲಿತಾಂಶವೇನು ಗೊತ್ತೇ? ಬೆಂಗಳೂರು ಮುಸ್ಲಿಮ್ಸ್ 1, ಮೊಹಮ್ಮಡನ್ ಸ್ಪೋರ್ಟಿಂಗ್ 0. ರೋವರ್ಸ್ ಕಪ್ಪಿನ ಮೇಲೆ ಮೊದಲ ಬಾರಿ ಒಂದು ಭಾರತೀಯ ತಂಡದ ಹೆಸರು ಕೆತ್ತಲ್ಪಟ್ಟಿತು. ಆ ಹೆಸರಿನಲ್ಲಿ ಬೆಂಗಳೂರು ಇತ್ತು. ಕಲ್ಕತ್ತಾಗೂ ಬೊಂಬಾಯಿಗೂ ಸಿಗದ ಗೌರವ ನಮ್ಮ ನಗರಕ್ಕೆ ಸಿಕ್ಕಿತು.

ಈ ಪಂದ್ಯದ ಒಂದು ಅಂಶವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆಡಿದ ಎರಡು ತಂಡಗಳ ಹೆಸರಿನಲ್ಲೂ ಒಂದೇ ಸಮುದಾಯದ ಗುರುತಿತ್ತು. ಅಂದಮೇಲೆ ಅಲ್ಲಿ ಸ್ಪರ್ಧೆ ನಡೆದದ್ದು ಊರಿಗೂ ಊರಿಗೂ, ಆಟಕ್ಕೂ ಆಟಕ್ಕೂ ಮಾತ್ರ. ಕೀರ್ತಿಯಲ್ಲಿ ದೊಡ್ಡದಾದ ತಂಡವೇ ಗೆಲ್ಲಬೇಕೆಂಬ ನಿಯಮ ಮೈದಾನದಲ್ಲಿ ಇಲ್ಲ ಎಂಬುದು ಅಂದು ಮತ್ತೊಮ್ಮೆ ಸಾಬೀತಾಯಿತು.

ಇದು ಅದೃಷ್ಟದ ಗೆಲುವು ಎಂದವರಿಗೆ ಮರುವರ್ಷವೇ ಉತ್ತರ ಸಿಕ್ಕಿತು. 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬ್ರಿಟಿಷ್ ಸೇನೆಯ ಆರ್ಗೈಲ್ ಅಂಡ್ ಸದರ್ಲ್ಯಾಂಡ್ ಹೈಲ್ಯಾಂಡರ್ಸ್ ತಂಡವನ್ನು ಫೈನಲ್‌ನಲ್ಲಿ ಸೋಲಿಸಿ ಎರಡನೇ ಸಲ ಕಪ್ಪು ತಂದಿತು. 1940ರಲ್ಲಿ ಮತ್ತೆ ಅದೇ ಮೊಹಮ್ಮಡನ್ ಸ್ಪೋರ್ಟಿಂಗ್ ಎದುರಾಯಿತು. ಈ ಬಾರಿ ಕಲ್ಕತ್ತಾದವರು 1–0ರಿಂದ ಗೆದ್ದು ಸೇಡು ತೀರಿಸಿಕೊಂಡರು. ಸ್ವಾತಂತ್ರ್ಯದ ಮರುವರ್ಷ 1948ರಲ್ಲಿ ಮೋಹನ್ ಬಾಗಾನನ್ನು 1–0ರಿಂದ ಸೋಲಿಸಿ ನಮ್ಮವರು ಮೂರನೇ ಸಲ ರೋವರ್ಸ್ ಗೆದ್ದರು.

ಬೂಟಿಲ್ಲದ ಕಾಲುಗಳು

ಕಂಟೋನ್ಮೆಂಟಿನ ಸೈನಿಕರ ಆಟವನ್ನು ನೋಡಿ ಕಲಿತ ಹುಡುಗರು ಈ ಊರಿನ ಓಣಿಗಳಲ್ಲಿ, ಬಯಲುಗಳಲ್ಲಿ ಬರಿಗಾಲಿನಲ್ಲಿ ಆಡಿ ಬೆಳೆದರು. ಅವರ ಆಟ ಎಲ್ಲಿಯವರೆಗೆ ಹೋಯಿತು ಎಂಬುದನ್ನು ನೋಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಜುಲೈ 31ರಂದು ಫ್ರಾನ್ಸ್ ವಿರುದ್ಧ ಆಡಿತು. ನಮ್ಮ ಬಹುಪಾಲು ಆಟಗಾರರ ಕಾಲಿಗೆ ಬೂಟಿರಲಿಲ್ಲ. ಎರಡು ಪೆನಾಲ್ಟಿ ಕೈತಪ್ಪಿದ ಆ ಪಂದ್ಯವನ್ನು ಭಾರತ 1–2ರಿಂದ ಸೋತಿತು. ಭಾರತದ ಆ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು.

1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾದ ಎದುರು ಭಾರತ 1–10ರಿಂದ ಸೋತು ತಲೆತಗ್ಗಿಸಿತು. ಅಲ್ಲಿಯೂ ಭಾರತದ ಪರ ಬಂದ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬೆಂಗಳೂರು ಮುಸ್ಲಿಮ್ಸ್ ಪರ ಆಡಿ, 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದವರು ಅವರು. 2017ರಲ್ಲಿ ನಿಧನರಾದರು. ನಮ್ಮಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು?

ಕಲ್ಕತ್ತಾದಲ್ಲಿ ಗೊತ್ತು. ಅಹ್ಮದ್ ಖಾನ್ 1949ರ ಹೊತ್ತಿಗೆ ಈಸ್ಟ್ ಬೆಂಗಾಲ್ ಸೇರಿದರು. ಆ ತಂಡದ ಐವರು ಮುಂಚೂಣಿ ಆಟಗಾರರನ್ನು ಬಂಗಾಳದ ಜನ ಪ್ರೀತಿಯಿಂದ 'ಪಂಚಪಾಂಡವರು' ಎಂದು ಕರೆದರು. ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೇಹ್ ಮತ್ತು ನಮ್ಮ ಅಹ್ಮದ್ ಖಾನ್. ಆ ಪಾಂಡವರಲ್ಲಿ ಯಾರು ಯಾವ ಧರ್ಮದವರೆಂದು ಗ್ಯಾಲರಿಯಲ್ಲಿ ಕುಳಿತವರು ಲೆಕ್ಕ ಹಾಕಲಿಲ್ಲ. ಹಾಕಿದ್ದರೆ ಆ ಹೆಸರೇ ಹುಟ್ಟುತ್ತಿರಲಿಲ್ಲ.

ಗೆದ್ದ ತಂಡ ಎಲ್ಲಿ ಹೋಯಿತು?

ಮೂರು ಸಲ ರೋವರ್ಸ್ ಗೆದ್ದ ತಂಡದ ಹೆಸರು ನಮ್ಮ ಊರಿನ ಹುಡುಗನ ಬಾಯಲ್ಲಿ ಇಂದು ಏಕೆ ಬರುವುದಿಲ್ಲ? ಒಂದು ಪಂದ್ಯ ಸೋತದ್ದರಿಂದ ಹಾಗಾಗಲಿಲ್ಲ. ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಕಲ್ಕತ್ತಾದ ದೊಡ್ಡ ಕ್ಲಬ್‌ಗಳಿಗೆ ಹೋದರು. ಅಲ್ಲಿ ಹಣವಿತ್ತು, ಹೆಸರಿತ್ತು, ಲಕ್ಷಗಟ್ಟಲೆ ಅಭಿಮಾನಿಗಳಿದ್ದರು. ಹೊಟ್ಟೆಪಾಡಿಗಾಗಿ ಹೋದವರನ್ನು ದೂರುವುದು ಸರಿಯಲ್ಲ. ಅವರನ್ನು ಉಳಿಸಿಕೊಳ್ಳುವ ಏರ್ಪಾಡು ಇಲ್ಲಿರಲಿಲ್ಲ, ಅಷ್ಟೇ.

ಮುಂದೆ ಬೆಂಗಳೂರಿನಲ್ಲಿ ಆ ಏರ್ಪಾಡನ್ನು ಸ್ವಲ್ಪಮಟ್ಟಿಗೆ ಮಾಡಿದವು ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಕಾರ್ಖಾನೆಗಳು. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲಿ ನೌಕರಿ ಸಿಗುತ್ತಿತ್ತು. ತಿಂಗಳ ಸಂಬಳವಿದ್ದರೆ ತಂದೆ ತಾಯಿ ಆಟಕ್ಕೆ ಅಡ್ಡ ಬರುವುದಿಲ್ಲ. 1946–47ರಲ್ಲಿ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿದ್ದ ಮೈಸೂರು ರಾಜ್ಯ, 1952–53, 1967–68 ಮತ್ತು 1968–69ರಲ್ಲಿ ಮತ್ತೆ ಗೆದ್ದಿತು. ಆಮೇಲೆ ರಾಜ್ಯದ ಹೆಸರು ಕರ್ನಾಟಕವಾಯಿತು, ಟ್ರೋಫಿ ಮಾತ್ರ ಬರಲಿಲ್ಲ. ಐವತ್ತನಾಲ್ಕು ವರ್ಷ ಬರಲಿಲ್ಲ.

ಎರಡು ದಿನ, ಎರಡು ಸುದ್ದಿ

2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಮತ್ತು ಕೇರಳ ತಂಡಗಳ ನಾಕೌಟ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೆಟ್ರಿ ಎದುರಾಳಿಗಳು ಸಜ್ಜಾಗುವ ಮೊದಲೇ ಫ್ರೀಕಿಕ್ ಹೊಡೆದರು, ಗೋಲಾಯಿತು. ಕೇರಳದ ತರಬೇತುದಾರರು ಪ್ರತಿಭಟಿಸಿ ತಮ್ಮ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಪಂದ್ಯ ಬೆಂಗಳೂರಿನ ಪಾಲಾಯಿತು, ಕೇರಳ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಆ ಗೋಲು ಸರಿಯೋ ತಪ್ಪೋ ಎಂಬ ವಾದ ವಾರಗಟ್ಟಲೆ ನಡೆಯಿತು. ಗೆಳೆಯರು ಗೆಳೆಯರೊಡನೆ ಮಾತು ಬಿಟ್ಟರು.

ಮರುದಿನ ಮಾರ್ಚ್ 4. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದರು. ಐವತ್ತನಾಲ್ಕು ವರ್ಷದ ಬರಗಾಲ ಮುಗಿಯಿತು. ನಮ್ಮ ಬೀದಿಗಳಲ್ಲಿ ಯಾವ ಸುದ್ದಿಯ ಮಾತು ಹೆಚ್ಚಾಗಿತ್ತು ಎಂಬುದನ್ನು ನೀವೇ ನೆನಪಿಸಿಕೊಳ್ಳಿ. ಒಂದು ಫ್ರೀಕಿಕ್ಕಿನ ಗದ್ದಲದಲ್ಲಿ ಅರ್ಧ ಶತಮಾನದ ಗೆಲುವು ಕೇಳಿಸದೆ ಹೋಯಿತು.

ದೊಡ್ಡ ಕ್ಲಬ್‌ಗಳೂ ಶಾಶ್ವತವೆಂದು ತಿಳಿಯಬೇಡಿ. 2025ರಲ್ಲಿ ಐಎಸ್‌ಎಲ್ ನಡೆಸುವ ಒಪ್ಪಂದದ ವಿಷಯ ಇತ್ಯರ್ಥವಾಗದೆ ಲೀಗ್ ನಿಗದಿತ ಕಾಲಕ್ಕೆ ಆರಂಭವಾಗಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯುವುದಾಗಿ ಪ್ರಕಟಿಸಿತು. "ಈ ಸಲ ಎಷ್ಟನೇ ಸ್ಥಾನ?" ಎಂದು ಕೇಳುತ್ತಿದ್ದ ಅಭಿಮಾನಿ "ಈ ಸಲ ಆಟವಾದರೂ ಇದೆಯೇ?" ಎಂದು ಕೇಳುವಂತಾಯಿತು.

ನಮ್ಮ ಚರ್ಚೆ ಹೇಗಿರಬೇಕು?

ಪ್ರಿಯ ವಿದ್ಯಾರ್ಥಿಗಳೇ, ಇನ್ನು ಮುಂದೆ ಮೊದಲ ಪಂದ್ಯ ಮುಗಿದ ಮೇಲೆ ಚರ್ಚೆಗೆ ಕುಳಿತಾಗ ಗೋಲುಗಳ ಲೆಕ್ಕದ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಮೊದಲನೆಯದು, ಈ ತಂಡದಲ್ಲಿ ನಮ್ಮ ಊರಿನ, ನಮ್ಮ ರಾಜ್ಯದ ಹುಡುಗರು ಎಷ್ಟಿದ್ದಾರೆ? ತಂದ ಆಟಗಾರ ಒಂದು ವರ್ಷ ಗೆಲ್ಲಿಸುತ್ತಾನೆ, ಬೆಳೆಸಿದ ಆಟಗಾರ ಹತ್ತು ವರ್ಷ ನಿಲ್ಲುತ್ತಾನೆ. ಎರಡನೆಯದು, ಅಂಥ ಹುಡುಗರು ಬೆಳೆಯಲು ನಮ್ಮ ಬಡಾವಣೆಯಲ್ಲಿ ಆಡುವ ಜಾಗ ಉಳಿದಿದೆಯೇ? ಗಿರಿನಗರ, ಹೊಸಕೆರೆಹಳ್ಳಿ, ಬನಶಂಕರಿ ಎಲ್ಲೆಡೆ ಮನೆಗಳು ಎದ್ದಿವೆ. ಬಯಲು ಎಷ್ಟು ಉಳಿದಿದೆ ಎಂದು ಒಂದು ಭಾನುವಾರ ನಡೆದು ನೋಡಿ ಬನ್ನಿ. ಮೂರನೆಯದು, ಚೆನ್ನಾಗಿ ಆಡುವ ಬಡ ಮನೆಯ ಹುಡುಗನಿಗೂ ಹುಡುಗಿಗೂ ಓದು ಮತ್ತು ಆಟ ಎರಡನ್ನೂ ಜೊತೆಯಲ್ಲಿ ನಡೆಸುವ ದಾರಿ ನಾವು ಮಾಡಿಕೊಟ್ಟಿದ್ದೇವೆಯೇ? ಇದು ನಮ್ಮಂಥ ವಿದ್ಯಾಸಂಸ್ಥೆಗಳು ಕೇಳಿಕೊಳ್ಳಬೇಕಾದ ಪ್ರಶ್ನೆ.

ಇನ್ನೊಂದು ಮಾತು. ವಾದಕ್ಕೂ ಒಂದು ಅದಬ್ ಇದೆ. ಕೊಚ್ಚಿಯಿಂದ ಬಂದು ಹಳದಿ ಅಂಗಿ ತೊಟ್ಟು ಕಂಠೀರವದಲ್ಲಿ ಕೂರುವವರೂ, ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹಾಡುವ ನಮ್ಮ ನೀಲಿ ಅಂಗಿಯವರೂ ಪ್ರೀತಿಸುವುದು ಒಂದೇ ಆಟವನ್ನು. ಎದುರಾಳಿ ಇಲ್ಲದೆ ಪಂದ್ಯವಿಲ್ಲ. ಮೊಹಮ್ಮಡನ್ ಸ್ಪೋರ್ಟಿಂಗ್ ಅಷ್ಟು ದೊಡ್ಡ ತಂಡವಾಗಿದ್ದರಿಂದಲೇ ಅಲ್ಲವೇ 1937ರ ನಮ್ಮ ಗೆಲುವಿಗೆ ಅಷ್ಟು ಬೆಲೆ?

ಕೊನೆಯದಾಗಿ ಒಂದು ಕೆಲಸ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹಳೆಯ ಕಾಲದಲ್ಲಿ ಆಡಿದ, ಆಟ ನೋಡಿದ ದಾದಾ, ನಾನಾ, ತಾತಂದಿರಿದ್ದರೆ ಅವರ ಬಳಿ ಕುಳಿತು ಕೇಳಿ. ಅವರು ಹೇಳಿದ್ದನ್ನು ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ಬರೆದಿಡಿ. ಪೆಟ್ಟಿಗೆಯಲ್ಲಿರುವ ಹಳೆಯ ಫೋಟೊ, ಪತ್ರಿಕೆಯ ತುಣುಕು ಹಾಳಾಗದಂತೆ ನೋಡಿಕೊಳ್ಳಿ. ಮೂರು ಬಾರಿ ಕಪ್ಪು ಗೆದ್ದವರನ್ನು ನಾವು ಮರೆತದ್ದು ಅವರು ಸೋತದ್ದಕ್ಕಲ್ಲ, ಬರೆದಿಡುವವರು ಕಡಿಮೆಯಾದದ್ದಕ್ಕೆ. ಆ ಬರಹದ ಕೆಲಸ ನಿಮ್ಮಿಂದಲೇ ಆರಂಭವಾಗಲಿ.