ಮಾತು ಬೇಕು, ಮಾತಾಡಿದವರು ಬೇಡ್ವಾ?

ಕೊರಿಯಾದ ಹದಿಹರೆಯದ ಹುಡುಗ ಹುಡುಗಿಯರು ಇಂಗ್ಲಿಷ್ ಮಾತಾಡೋದನ್ನ ಯೂಟ್ಯೂಬಲ್ಲಿ ಒಮ್ಮೆ ಕೇಳಿ ನೋಡಿ. ಎಷ್ಟೋ ಜನರ ಬಾಯಲ್ಲಿ ಮೊದಲು ಬರೋದೇ 'ಯೋ'. ಅದರ ಹಿಂದೆ 'ಬ್ರೋ', 'ಡೋಪ್', 'ಹೋಮಿ', 'ಐಂಟ್'. ಕೈ ಆಡಿಸೋ ರೀತಿ, ತಲೆ ವಾಲಿಸೋ ರೀತಿ ಎಲ್ಲಾ ರ‍್ಯಾಪರ್‌ಗಳದ್ದೇ. ಕೆಲವು ಪದಗಳಂತೂ ಕೊರಿಯನ್ ಭಾಷೆಯೊಳಗೇ ಮನೆ ಮಾಡಿಕೊಂಡಿವೆ. 'ಸ್ವ್ಯಾಗ್' ಇದೆ, ಒಬ್ಬರನ್ನ ಹೀಗಳೆಯೋದಕ್ಕೆ 'ಡಿಸ್' ಇದೆ. 2019ರ ಹೊತ್ತಿಗೆ 'ಫ್ಲೆಕ್ಸ್' ಬಂತು. ದುಡ್ಡು ಖರ್ಚು ಮಾಡಿ ಮೆರೆಯೋದಕ್ಕೆ ಈಗ ಅಲ್ಲಿ ಅದೇ ಮಾತು.

ನಮ್ಮ ಮನೆಗಳಲ್ಲೂ ಕೆ-ಪಾಪ್ ಕೇಳೋ ಮಕ್ಕಳಿದ್ದಾರೆ. ಆ ಮಕ್ಕಳಿಗೂ, ಅವರನ್ನ ನೋಡಿ ಮುಖ ಸಿಂಡರಿಸೋ ದೊಡ್ಡವರಿಗೂ ಈ ಪೋಸ್ಟ್. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ. ಮಕ್ಕಳ ಶೋಕಿ ಅಂತ ತಳ್ಳಿಹಾಕೋ ವಿಷಯ ಇದಲ್ಲ. ಈ ಒಂದೊಂದು ಪದದ ಹಿಂದೆಯೂ ಅವಮಾನ ಉಂಡ ಒಂದು ಸಮುದಾಯ ಇದೆ.

ಮೊದಲು ಹುಟ್ಟಿದ ಊರು ನೋಡೋಣ. ನ್ಯೂಯಾರ್ಕಿನ ಬ್ರಾಂಕ್ಸ್. ರಾಬರ್ಟ್ ಮೋಸೆಸ್ ಅನ್ನೋ ಅಧಿಕಾರಿ ಈ ಬಡವರ ಕೇರಿಗಳ ಎದೆ ಸೀಳಿಕೊಂಡು ಹೆದ್ದಾರಿ ಹಾಯಿಸಿದ. ಸಾವಿರಾರು ಸಂಸಾರಗಳು ಎತ್ತಂಗಡಿಯಾದವು. ಉಳಿದ ಕಟ್ಟಡಗಳು 70ರ ದಶಕದಲ್ಲಿ ಒಂದೊಂದಾಗಿ ಬೆಂಕಿಗೆ ಬಿದ್ದವು. ಅಂಥ ಊರಲ್ಲಿ 1973ರ ಆಗಸ್ಟ್ 11ರಂದು ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿ, ಶಾಲೆ ಶುರುವಾಗೋ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸೋಕೆ ಅಂತ ಒಂದು ಪಾರ್ಟಿ ಇಟ್ಟಳು. ಅಲ್ಲಿ ಹಾಡು ಹಾಕಿದವನು ಅವಳ ಅಣ್ಣ, ಜಮೈಕಾದಲ್ಲಿ ಹುಟ್ಟಿದ ಕೂಲ್ ಹರ್ಕ್. ಹಿಪ್‌ಹಾಪ್ ಹುಟ್ಟಿದ ದಿನ ಅಂತ ಜಗತ್ತು ಇವತ್ತು ನೆನೆಯೋದು ಅದನ್ನೇ.

ಆದರೆ ಆ ಹಾಡಿನ ಭಾಷೆಗೆ ಇನ್ನೂ ಹೆಚ್ಚು ವಯಸ್ಸಾಗಿದೆ. ಆಫ್ರಿಕಾದ ಬೇರೆ ಬೇರೆ ಭಾಷೆಯ ಜನರನ್ನ ಸರಪಳಿ ಹಾಕಿ ತಂದು ತೋಟಗಳಲ್ಲಿ ದುಡಿಸಿದರು. ಅಮೆರಿಕದ ದಕ್ಷಿಣದ ಎಷ್ಟೋ ರಾಜ್ಯಗಳಲ್ಲಿ ಗುಲಾಮರಿಗೆ ಓದು ಕಲಿಸೋದೇ ಅಪರಾಧ ಅಂತ ಕಾನೂನಿತ್ತು. ಇದನ್ನ ಓದಿದಾಗ ನಮಗೆ ಯಾವ ಗ್ರಂಥ ನೆನಪಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಆ ಜನ ಕಿವಿಗೆ ಬಿದ್ದ ಇಂಗ್ಲಿಷನ್ನೇ ತಮ್ಮದಾಗಿ ಮಾಡಿಕೊಂಡರು. ಅದಕ್ಕೆ ತನ್ನದೇ ವ್ಯಾಕರಣ ಇದೆ. 'ಹಿ ವರ್ಕಿಂಗ್' ಅಂದ್ರೆ ಅವನು ಈಗ ಕೆಲಸ ಮಾಡ್ತಿದಾನೆ. 'ಹಿ ಬಿ ವರ್ಕಿಂಗ್' ಅಂದ್ರೆ ಅವನು ದಿನಾ ಕೆಲಸಕ್ಕೆ ಹೋಗುವವನು. ಈ ವ್ಯತ್ಯಾಸವನ್ನ ಅಷ್ಟು ಚುಟುಕಾಗಿ ಹೇಳೋಕೆ ಶಾಲೆಯ ಇಂಗ್ಲಿಷಿಗೆ ಆಗಲ್ಲ. ವಿಲಿಯಂ ಲಬಾವ್ ಅನ್ನೋ ಭಾಷಾವಿಜ್ಞಾನಿ 60ರ ದಶಕದಲ್ಲೇ ಹಾರ್ಲೆಂನ ಹುಡುಗರ ಮಾತನ್ನ ಅಧ್ಯಯನ ಮಾಡಿ, ಇದು ತಪ್ಪು ಇಂಗ್ಲಿಷ್ ಅಲ್ಲ, ನಿಯಮ ಇರೋ ಭಾಷೆ ಅಂತ ತೋರಿಸಿದರು.

ತೋರಿಸಿದ್ದೇನೋ ಆಯ್ತು, ಒಪ್ಪಿದವರು ಯಾರು? 1979ರಲ್ಲಿ ಮಿಶಿಗನ್‌ನ ಆನ್ ಆರ್ಬರ್ ಊರಿನ ಕಪ್ಪು ಮಕ್ಕಳ ಪರವಾಗಿ, ಈ ಮಕ್ಕಳ ಮನೆಮಾತನ್ನ ಗಣನೆಗೆ ತಗೊಂಡೇ ಓದು ಕಲಿಸಬೇಕು ಅಂತ ಕೋರ್ಟ್ ತೀರ್ಪು ಕೊಟ್ಟಿತು. 1996ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಶಾಲಾ ಮಂಡಳಿ ಇಂಥದ್ದೇ ಒಂದು ನಿರ್ಣಯ ಮಾಡಿದಾಗ ಇಡೀ ಅಮೆರಿಕ ಗೊಳ್ಳೆಂದು ನಕ್ಕಿತು. ಪತ್ರಿಕೆ, ಟಿವಿ ಎಲ್ಲಾ ಕಡೆ ಗೇಲಿ. ನೆನಪಿಡಿ, 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿದ್ದೂ ಇದೇ ಓಕ್ಲೆಂಡಲ್ಲಿ. 1972ರಲ್ಲಿ ಮುಂಬೈಯ ನಮ್ಮ ಹುಡುಗರು ದಲಿತ್ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಆ ಪಕ್ಷವನ್ನ ನೋಡಿಯೇ. ಹಾಗಾಗಿ ಓಕ್ಲೆಂಡ್ ಮಕ್ಕಳ ಮೇಲೆ ಬಿದ್ದ ನಗು ನನಗೆ ದೂರದ ಸುದ್ದಿ ಅನ್ನಿಸೋದೇ ಇಲ್ಲ.

ಈಗ ಈ ಮಾತು ಕೊರಿಯಾಕ್ಕೆ ಹೋದ ದಾರಿ ನೋಡಿ. 1945ರಲ್ಲಿ ಅಮೆರಿಕನ್ ಸೈನ್ಯ ಕೊರಿಯಾಕ್ಕೆ ಕಾಲಿಟ್ಟಿತು. ಸೈನ್ಯದಲ್ಲಿ ಬಣ್ಣದ ಭೇದ ಮಾಡಬಾರದು ಅಂತ ಅಧ್ಯಕ್ಷ ಟ್ರೂಮನ್ 1948ರಲ್ಲಿ ಆದೇಶ ಮಾಡಿದ್ದರೂ, 1950ರ ಕೊರಿಯಾ ಯುದ್ಧಕ್ಕೆ ಕಪ್ಪು ಸೈನಿಕರದೇ ಪ್ರತ್ಯೇಕವಾದ 24ನೇ ಇನ್‌ಫೆಂಟ್ರಿ ರೆಜಿಮೆಂಟ್ ಹೋಗಿ ಕಾದಾಡಿತು. ಯುದ್ಧ ನಿಂತ ಮೇಲೂ ಸೈನ್ಯ ಅಲ್ಲೇ ಉಳಿಯಿತು. ಅದರ ಶಿಬಿರಗಳ ಸುತ್ತ ಪೇಟೆಗಳು ಬೆಳೆದವು. ಆ ಪೇಟೆಗಳ ಕ್ಲಬ್‌ಗಳಲ್ಲಿ ಬಿಳಿಯರಿಗೆ ಬೇರೆ, ಕಪ್ಪು ಜನಕ್ಕೆ ಬೇರೆ. ನಮ್ಮ ಹಳ್ಳಿ ಹೋಟೆಲಿನ ಎರಡು ಲೋಟದ ಹಾಗೇ ಅನ್ಕೊಳ್ಳಿ. 1971ರ ಜುಲೈಯಲ್ಲಿ ಆಂಜಿಯೊಂಗ್-ರಿ ಅನ್ನೋ ಕಡೆ ಈ ತಾರತಮ್ಯದ ವಿರುದ್ಧ ಕಪ್ಪು ಸೈನಿಕರು ಸಿಡಿದೆದ್ದು ಕ್ಲಬ್‌ಗಳಿಗೆ ನುಗ್ಗಿದರು. ಸ್ಥಳೀಯ ಕೊರಿಯನ್ನರು ಅವರ ವಿರುದ್ಧವೇ ಬೀದಿಗಿಳಿದರು.

ಕಪ್ಪು ಸೈನಿಕರಿಗೂ ಕೊರಿಯನ್ ತಾಯಂದಿರಿಗೂ ಹುಟ್ಟಿದ ಮಕ್ಕಳನ್ನ ಆ ಸಮಾಜ ಹತ್ತಿರ ಸೇರಿಸಲಿಲ್ಲ. ಕೊರಿಯಾದ ಮನೆಮಾತಾದ ಗಾಯಕಿ ಇನ್ಸೂನಿ 1957ರಲ್ಲಿ ಹುಟ್ಟಿದ ಅಂಥ ಮಗು. ಕೊರಿಯನ್ ರ‍್ಯಾಪ್‌ನ ದೊಡ್ಡ ಹೆಸರು ಯೂನ್ ಮಿ-ರೇ ಕೂಡ ಕಪ್ಪು ಸೈನಿಕನ ಮಗಳೇ. ಚರ್ಮದ ಬಣ್ಣಕ್ಕಾಗಿ ಬಾಲ್ಯದಲ್ಲಿ ತಿಂದ ನೋವನ್ನೇ ಆಕೆ 2007ರಲ್ಲಿ ಹಾಡು ಮಾಡಿದಳು. ಕಪ್ಪು ಜನರ ಸಂಗೀತ ಬೇಕಿತ್ತು, ಕಪ್ಪು ಮಗು ಬೇಡವಾಗಿತ್ತು.

80ರ ದಶಕದ ಕೊನೆಯಲ್ಲಿ ಸೋಲ್‌ನ ಅಮೆರಿಕನ್ ನೆಲೆಯ ಪಕ್ಕದ ಇಟೆವಾನ್ ಅನ್ನೋ ಬೀದಿಯ 'ಮೂನ್ ನೈಟ್' ಕ್ಲಬ್‌ಗೆ ಕೊರಿಯನ್ ಹುಡುಗರು ಹೋಗಿ, ಸೈನಿಕರ ಕುಣಿತ ನೋಡಿ ಕಲಿತರು. ಅಲ್ಲಿ ಕುಣಿದವರಿಬ್ಬರು ಸೇರಿದ್ದ 'ಸಿಯೋ ತೈಜಿ ಅಂಡ್ ಬಾಯ್ಸ್' ತಂಡ 1992ರ ಏಪ್ರಿಲ್‌ನಲ್ಲಿ ಟಿವಿಯಲ್ಲಿ ಕೊರಿಯನ್ ಭಾಷೆಯ ರ‍್ಯಾಪ್ ಹಾಡಿತು. ತೀರ್ಪುಗಾರರು ತೀರಾ ಕಡಿಮೆ ಅಂಕ ಕೊಟ್ಟರು. ಹದಿಹರೆಯದವರು ಮಾತ್ರ ತಲೆ ಮೇಲೆ ಹೊತ್ತು ಮೆರೆಸಿದರು. ಕೆ-ಪಾಪ್ ಕಥೆ ಶುರುವಾಗೋದೇ ಇಲ್ಲಿಂದ ಅಂತಾರೆ.

ಅದೇ 1992ರ ಏಪ್ರಿಲ್ ತಿಂಗಳ 29ರಂದು ಲಾಸ್ ಏಂಜಲೀಸ್ ಹೊತ್ತಿ ಉರಿಯಿತು. ಅದಕ್ಕೂ ಒಂದು ವರ್ಷ ಹಿಂದೆ, 1991ರ ಮಾರ್ಚ್‌ನಲ್ಲಿ, 15 ವರ್ಷದ ಕಪ್ಪು ಹುಡುಗಿ ಲತಾಷಾ ಹಾರ್ಲಿನ್ಸ್ ಕೊರಿಯನ್ ಅಂಗಡಿಯೊಂದರಲ್ಲಿ ಕಿತ್ತಳೆ ರಸದ ಬಾಟಲಿ ಎತ್ತಿಕೊಂಡಿದ್ದಳು. ಕದೀತಿದಾಳೆ ಅಂತ ಅನುಮಾನಿಸಿದ ಅಂಗಡಿಯಾಕೆ ಜಗಳ ತೆಗೆದು, ಹಿಂದಿನಿಂದ ತಲೆಗೆ ಗುಂಡು ಹೊಡೆದಳು. ಹುಡುಗಿಯ ಕೈಯಲ್ಲಿ ಎರಡು ಡಾಲರ್ ಇತ್ತು. ಕೊಂದಾಕೆಗೆ ಜೈಲೂ ಆಗಲಿಲ್ಲ. ಪ್ರೊಬೇಷನ್, 400 ಗಂಟೆ ಸಮಾಜಸೇವೆ, 500 ಡಾಲರ್ ದಂಡ, ಅಷ್ಟೇ. ಆಮೇಲೆ ರಾಡ್ನಿ ಕಿಂಗ್‌ನನ್ನ ಬಡಿದ ಪೊಲೀಸರು ಖುಲಾಸೆಯಾದ ದಿನ ಊರು ಸಿಡಿಯಿತು. 60ಕ್ಕೂ ಹೆಚ್ಚು ಜನ ಸತ್ತರು. ಎರಡು ಸಾವಿರಕ್ಕೂ ಹೆಚ್ಚು ಕೊರಿಯನ್ ಅಂಗಡಿಗಳು ಲೂಟಿಯಾದವು, ಸುಟ್ಟುಹೋದವು. ಜೀವಮಾನವೆಲ್ಲ ದುಡಿದು ಕೂಡಿಟ್ಟಿದ್ದ ಎಷ್ಟೋ ಕೊರಿಯನ್ ವಲಸಿಗರು ಬೀದಿಗೆ ಬಂದರು. ಪೊಲೀಸರು ಬಿಳಿಯರ ಬಡಾವಣೆ ಕಾದರು, ಕೊರಿಯನ್ನರ ಬೀದಿಗಳನ್ನ ಬಿಟ್ಟುಕೊಟ್ಟರು ಅಂತ ಅವರ ಸಂಕಟ. ಮೇಲಿನವರು ಕೆಳಗಿನ ಇಬ್ಬರನ್ನ ಜಗಳಕ್ಕೆ ಬಿಟ್ಟು ದೂರ ನಿಲ್ಲೋದು ನಮಗೇನು ಹೊಸದಲ್ಲ.

ಹಾಗಿದ್ರೆ ಕೊರಿಯನ್ ಹುಡುಗರು ಈ ಮಾತನ್ನ ಯಾಕೆ ಅಷ್ಟು ಹಚ್ಚಿಕೊಂಡರು? ಇಂಗ್ಲಿಷ್ ಅಲ್ಲಿ ಚಾಟಿ ಆಗಿರೋದರಿಂದ. 1997ರಿಂದ ಮೂರನೇ ತರಗತಿಗೇ ಇಂಗ್ಲಿಷ್ ಬಂತು. ಶಾಲೆ ಬಿಟ್ಟ ಮೇಲೆ 'ಹಗ್ವಾನ್' ಅನ್ನೋ ಟ್ಯೂಷನ್ ಕೇಂದ್ರಗಳಲ್ಲಿ ರಾತ್ರಿವರೆಗೂ ಪಾಠ. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಕೇಳಿಸಿಕೊಂಡು ಉತ್ತರ ಬರೆಯೋ ಹೊತ್ತಿಗೆ ಸದ್ದಾಗಬಾರದು ಅಂತ ದೇಶದಲ್ಲಿ ವಿಮಾನಗಳೇ ಇಳಿಯಲ್ಲ, ಹಾರಲ್ಲ. ಅಂಥ ಮಕ್ಕಳಿಗೆ ತಪ್ಪಾದೀತು ಅನ್ನೋ ಭಯ ಇಲ್ಲದೆ ಆಡೋಕೆ ಸಿಕ್ಕ ಇಂಗ್ಲಿಷ್ ಇದೊಂದೇ ಅಂತ ನನಗನ್ನಿಸುತ್ತೆ. ಇನ್ನೂ ಒಂದಿದೆ. ಕೊರಿಯನ್ ಭಾಷೆಯಲ್ಲಿ ಬಾಯಿ ತೆಗೆಯೋ ಮೊದಲು ಎದುರಿನವರು ದೊಡ್ಡವರಾ ಚಿಕ್ಕವರಾ ಅಂತ ಅಳೆದು ಕ್ರಿಯಾಪದ ಬದಲಿಸಬೇಕು. 'ಯೋ, ಬ್ರೋ' ಅಂದ್ರೆ ಆ ಅಳತೆಯೇ ಇಲ್ಲ.

ಈ ಅಳತೆಯ ಕ್ರೂರ ರೂಪವನ್ನೂ ಕೊರಿಯಾ ಕಂಡಿದೆ. ಅಲ್ಲಿ 'ಬೆಕ್‌ಜಿಯೋಂಗ್' ಅಂತ ಒಂದು ಸಮುದಾಯ ಇತ್ತು. ಕಸಾಯಿ ಕೆಲಸ, ಚರ್ಮದ ಕೆಲಸ, ಬುಟ್ಟಿ ಹೆಣೆಯೋದು. ಊರ ಹೊರಗೆ ವಾಸ. ಮೇಲಿನವರ ಮನೆಯ ಚಿಕ್ಕ ಮಕ್ಕಳಿಗೂ ಇವರು ಬಹುವಚನದಲ್ಲೇ ಮಾತಾಡಬೇಕು. ನಮ್ಮ ಅಜ್ಜಂದಿರು ಗೌಡರ ಮನೆ ಕೂಸಿಗೂ 'ಬುದ್ಧೀ' ಅಂದ ಹಾಗೆ. 1894ರಲ್ಲಿ ಕಾನೂನು ಆ ಪದ್ಧತಿಯನ್ನ ರದ್ದು ಮಾಡಿತು, ಜನ ಬಿಡಲಿಲ್ಲ. 1909ರಲ್ಲಿ ಜಿಂಜು ಊರಿನ ಚರ್ಚಲ್ಲಿ ಬೆಕ್‌ಜಿಯೋಂಗರ ಜೊತೆ ಕೂತು ಪ್ರಾರ್ಥನೆ ಮಾಡಲ್ಲ ಅಂತ ಉಳಿದವರು ಎದ್ದು ಹೋದರು. ಅದೇ ಜಿಂಜುವಿನಲ್ಲಿ 1923ರ ಏಪ್ರಿಲ್‌ನಲ್ಲಿ 'ಹ್ಯೋಂಗ್‌ಪ್ಯೋಂಗ್‌ಸಾ' ಅನ್ನೋ ಸಮಾನತೆಯ ಸಂಘ ಹುಟ್ಟಿತು. ನಮ್ಮ ಮಹಾಡ್ ಕೆರೆಗಿಂತ ನಾಲ್ಕು ವರ್ಷ ಮುಂಚೆ! ಹೀನಾಯವಾಗಿ ಕರೆಯೋದು ನಿಲ್ಲಬೇಕು, ಮಕ್ಕಳಿಗೆ ಓದು ಸಿಗಬೇಕು ಅನ್ನೋದು ಅವರ ಮುಖ್ಯ ಬೇಡಿಕೆಗಳಲ್ಲಿ ಸೇರಿದ್ದವು. ಹಾಗಾಗಿ, ಮಾತಿನಲ್ಲಿ ಮನುಷ್ಯನ ಘನತೆ ಇದೆ ಅನ್ನೋದನ್ನ ಕೊರಿಯಾಕ್ಕೆ ಹೊರಗಿನವರು ಬಂದು ಹೇಳಬೇಕಿಲ್ಲ.

ಇಷ್ಟೆಲ್ಲ ಇದ್ದೂ, ಇಂಗ್ಲಿಷ್ ಕಲಿಸೋ ಕೆಲಸ ಕೇಳಿಕೊಂಡು ಬಂದ ಕಪ್ಪು ಶಿಕ್ಷಕರಿಗೆ, ನಮಗೆ ಬಿಳಿಯರೇ ಬೇಕು ಅಂತ ಬಾಗಿಲು ಹಾಕಿದ ಟ್ಯೂಷನ್ ಕೇಂದ್ರಗಳ ಸುದ್ದಿ ಮತ್ತೆ ಮತ್ತೆ ಬಂದಿದೆ. ಅರ್ಜಿ ಜೊತೆ ಫೋಟೋ ಕಳಿಸಿದರೆ ಸಾಕು, ಬಣ್ಣ ಗೊತ್ತಾಗುತ್ತೆ. ತರಗತಿಯಲ್ಲಿ ಬಿಳಿ ಇಂಗ್ಲಿಷ್, ವೇದಿಕೆಯಲ್ಲಿ ಕಪ್ಪು ಇಂಗ್ಲಿಷ್. ಒಂದಕ್ಕೆ ಅಂಕ, ಇನ್ನೊಂದಕ್ಕೆ ಚಪ್ಪಾಳೆ. ಅದೇ 'ಐಂಟ್' ಅನ್ನೋ ಪದ ಸೋಲ್‌ನ ಹುಡುಗ ಆಡಿದರೆ ಸ್ಟೈಲು, ಓಕ್ಲೆಂಡಿನ ಕಪ್ಪು ಹುಡುಗಿ ಆಡಿದರೆ ಕೆಲಸದ ಸಂದರ್ಶನದಲ್ಲಿ ಸೋಲು. ನನ್ನ ತಕರಾರು ಇರೋದು ಇಲ್ಲಿ.

ಗುಲಾಮರನ್ನ ಹಂಗಿಸೋಕೆ ಬಳಸಿದ ಆ ಒಂದು ಬೈಗುಳ ಇದೆಯಲ್ಲ, ಅದನ್ನ ಕಪ್ಪು ಜನ ತಮ್ಮೊಳಗೆ ಬಳಸೋದು ಅವರ ಲೆಕ್ಕ. ಹೊರಗಿನವರ ಬಾಯಿಗೆ ಅದು ಬರಕೂಡದು. ಕೊರಿಯನ್‌ನಲ್ಲಿ 'ನೀನು' ಅನ್ನೋ ಅರ್ಥದ ಮಾಮೂಲಿ ಪದವೊಂದು ಕಿವಿಗೆ ಹಾಗೇ ಕೇಳುತ್ತೆ, ಅದರ ವಿಷಯ ಬೇರೆ. ನಮ್ಮ ಜಾತಿಯ ಹೆಸರನ್ನೇ ಬೈಗುಳ ಮಾಡಿ ಆಡುವವರ ನಡುವೆ ಬೆಳೆದ ನಮಗೆ ಇದು ಬೇಗ ಅರ್ಥ ಆಗುತ್ತೆ.

ಹಾಗಂತ ಆ ಮಕ್ಕಳು ರ‍್ಯಾಪ್ ಬಿಡಲಿ ಅಂತ ನಾನು ಹೇಳಲ್ಲ. ಭಾಷೆಗೆ ಬೇಲಿ ಹಾಕಿದವರು ಮನುವಾದಿಗಳು, ಆ ಕೆಲಸ ನಮಗೆ ಬೇಡ. ಆದರೆ ಮಾತಿನ ಜೊತೆ ಅದರ ಸಾಲವನ್ನೂ ಹೊರಬೇಕು. 2014ರಲ್ಲಿ ಬಿಟಿಎಸ್ ಹುಡುಗರನ್ನ ಒಂದು ಟಿವಿ ಶೋಗಾಗಿ ಲಾಸ್ ಏಂಜಲೀಸ್‌ಗೆ ಕರೆದೊಯ್ದು ಕೂಲಿಯೋ, ವಾರನ್ ಜಿ ಥರದ ರ‍್ಯಾಪರ್‌ಗಳ ಹತ್ತಿರ ಹಿಪ್‌ಹಾಪ್ ಕಲಿಸಿದ್ದರು. 2020ರಲ್ಲಿ ಜಾರ್ಜ್ ಫ್ಲಾಯ್ಡ್‌ನನ್ನ ಪೊಲೀಸ್ ಕೊಂದಾಗ ಅದೇ ತಂಡ ಮತ್ತು ಅದರ ಕಂಪನಿ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಚಳವಳಿಗೆ ಹತ್ತು ಲಕ್ಷ ಡಾಲರ್ ಕೊಟ್ಟಿತು. ಅಭಿಮಾನಿ ಮಕ್ಕಳು ಅಷ್ಟೇ ದುಡ್ಡನ್ನ ತಾವೂ ಕೂಡಿಸಿ ಕಳಿಸಿದರು. ಪೂರ್ತಿ ಸಾಲ ತೀರಿತು ಅನ್ನೋಕಾಗಲ್ಲ. ಸಾಲ ಇದೆ ಅಂತ ಒಪ್ಪಿಕೊಂಡದ್ದಂತೂ ಹೌದು.

ನಮ್ಮ ತಮಟೆ ಇವತ್ತು ಕಾಲೇಜು ಫೆಸ್ಟಿಗೆ ಬೇಕು, ಸಿನಿಮಾಗೆ ಬೇಕು, ರಾಜಕಾರಣಿಯ ಮೆರವಣಿಗೆಗೆ ಬೇಕು. ಬಾರಿಸಿದವನಿಗೆ ಎಷ್ಟೋ ಊರಲ್ಲಿ ಇನ್ನೂ ಗುಡಿ ಬಾಗಿಲು ತೆರೆದಿಲ್ಲ. ಆದ್ದರಿಂದ ಮನೇಲಿ 'ಯೋ' ಅನ್ನೋ ಮಗು ಇದ್ದರೆ ಬೈಬೇಡಿ. ಪಕ್ಕ ಕೂರಿಸಿಕೊಂಡು ಬ್ರಾಂಕ್ಸ್ ಕಥೆ ಹೇಳಿ, ಲತಾಷಾ ಕಥೆ ಹೇಳಿ, ಜಿಂಜುವಿನ ಕಥೆ ಹೇಳಿ. ಆಮೇಲೆ ನಮ್ಮ ಕೇರಿಯ ಕಥೆ ಹೇಳೋದು ಸುಲಭ ಆಗುತ್ತೆ.

ಜೈ ಭೀಮ್.